ಇಂಜೆಕ್ಷನ್‌ಗೆ ವಿಮೆಯವರು ಒಪ್ಪುತ್ತಿಲ್ಲ, ಅಮ್ಮ ತೊಂದರೆ ಹೇಳಿಕೊಳ್ಳುತ್ತಿಲ್ಲ

ಪ್ರಶ್ನೆ: ನನ್ನ ತಾಯಿಗೆ 67 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆಗಿದೆ. ಈಗ ಎರಡು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಮತ್ತು ಫ್ಲೂರೋಯುರಾಸಿಲ್ ಕೀಮೋ ನಡೆಯುತ್ತಿದೆ. ಐದನೆಯ ಸುತ್ತಿನ ನಂತರ ಬಿಳಿ ರಕ್ತಕಣ ತೀರಾ ಇಳಿದು, ಜ್ವರ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದರು. ಆರನೆಯ ಸುತ್ತನ್ನು ಮುಂದೂಡಿದ್ದಾರೆ. ಇನ್ನು ಮುಂದೆ ಪ್ರತಿ ಸುತ್ತಿನ ನಂತರ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಬೇಕೆಂದು ವೈದ್ಯರು ಬರೆದುಕೊಟ್ಟರೆ, ವಿಮಾ ಕಂಪನಿ ‘ವೈದ್ಯಕೀಯವಾಗಿ ಅಗತ್ಯವಿಲ್ಲ’ ಎಂದು ತಿರಸ್ಕರಿಸಿದೆ. ಇತ್ತ ಅಮ್ಮನ ಬೆರಳುಗಳು ಸದಾ ಜೋಮು ಹಿಡಿದಂತಿರುತ್ತವೆ. ಆದರೆ ವೈದ್ಯರ ಮುಂದೆ ‘ಚೆನ್ನಾಗಿದ್ದೇನೆ’ ಎನ್ನುತ್ತಾರೆ. ಹೇಳಿದರೆ ಔಷಧ ನಿಲ್ಲಿಸಿಬಿಡುತ್ತಾರೆ ಎಂಬ ಭಯ ಅವರಿಗೆ. ಇದನ್ನೆಲ್ಲ ನಾನೊಬ್ಬಳೇ ಹೇಗೆ ನಿಭಾಯಿಸಲಿ?

ಉತ್ತರ: ಮೊದಲು ಜ್ವರದ ಮಾತು, ಏಕೆಂದರೆ ಅದು ಯಾರ ಅನುಮತಿಗೂ ಕಾಯುವುದಿಲ್ಲ. ಇಂಜೆಕ್ಷನ್‌ಗೆ ಒಪ್ಪಿಗೆ ಸಿಗಲಿ, ಸಿಗದಿರಲಿ, ಮುಂದಿನ ಸುತ್ತಾದ ಮೇಲೆ ನಿಮ್ಮ ತಾಯಿಯವರ ಮೈಬಿಸಿ 38 ಡಿಗ್ರಿ ಸೆಲ್ಸಿಯಸ್ (100.4 ಡಿಗ್ರಿ ಫ್ಯಾರನ್‌ಹೀಟ್) ಮುಟ್ಟಿದರೆ ನೇರವಾಗಿ ಆಸ್ಪತ್ರೆಗೆ ಹೊರಡಿ, ನಡುರಾತ್ರಿಯಾದರೂ ಸರಿ. ಚಳಿ ಬಂದು ಮೈ ನಡುಗಿದರೆ ಥರ್ಮಾಮೀಟರ್ ಏನೇ ತೋರಿಸಲಿ, ಹೊರಡಿ. ಜ್ವರ ಅಳೆಯುವ ಮೊದಲು ಪ್ಯಾರಾಸಿಟಮಾಲ್ ಕೊಡಬೇಡಿ. ಅದು ಜ್ವರವನ್ನು ಮರೆಮಾಡುತ್ತದೆಯೇ ಹೊರತು ಸೋಂಕಿಗೆ ಏನೂ ಮಾಡುವುದಿಲ್ಲ. ಬಿಳಿ ರಕ್ತಕಣ ಇಳಿದಾಗ ಸೋಂಕಿನ ಬೇರೆ ಗುರುತುಗಳು ಕಾಣದೇ ಹೋಗಬಹುದು. ಗಾಯದಲ್ಲಿ ಕೀವು ಕಟ್ಟುವುದಕ್ಕೂ ಆ ಕಣಗಳೇ ಬೇಕು, ಅವೇ ಇಲ್ಲದಾಗ ಎಷ್ಟೋ ಸಲ ಜ್ವರವೊಂದೇ ಸುಳಿವು. ಆಸ್ಪತ್ರೆಯ ಬಾಗಿಲಲ್ಲೇ ‘ಕೀಮೋ ನಡೆಯುತ್ತಿದೆ, ಜ್ವರ ಬಂದಿದೆ’ ಎಂದು ಹೇಳಿ. ಇಂಥವರಿಗೆ ಬಂದ ಒಂದು ಗಂಟೆಯೊಳಗೆ ಮೊದಲ ಆಂಟಿಬಯಾಟಿಕ್ ಕೊಡಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳೇ ಹೇಳುತ್ತವೆ, ಆದ್ದರಿಂದ ಸಾಲಿನಲ್ಲಿ ಕುಳಿತು ಕಾಯಲು ಸಂಕೋಚಪಟ್ಟು ಒಪ್ಪಬೇಡಿ. ವಿಮಾ ಕಂಪನಿಗೆ ಆಮೇಲೆ ತಿಳಿಸಬಹುದು. ತುರ್ತಾಗಿ ದಾಖಲಾದರೆ ಎಷ್ಟು ಗಂಟೆಯೊಳಗೆ ತಿಳಿಸಬೇಕೆಂಬುದು ಸಾಮಾನ್ಯವಾಗಿ ಪಾಲಿಸಿಯಲ್ಲಿ ಬರೆದಿರುತ್ತದೆ. ಆ ಸಾಲನ್ನು ಇವತ್ತೇ ಹುಡುಕಿ ಗುರುತು ಹಾಕಿಟ್ಟುಕೊಳ್ಳಿ.

ಇನ್ನು ತಿರಸ್ಕಾರದ ಪತ್ರ. ‘ಅಗತ್ಯವಿಲ್ಲ’ ಎಂಬ ಮಾತು ಓದಿದಾಗ, ನಿಮ್ಮ ತಾಯಿಯ ಜೀವಕ್ಕೇ ಬೆಲೆಯಿಲ್ಲವೆಂದಂತೆ ನಿಮಗೆ ಅನಿಸಿರಬಹುದು. ಆದರೆ ಆ ನಿರ್ಧಾರ ಮಾಡಿದವರು ಅವರನ್ನು ನೋಡಿಲ್ಲ, ಅವರ ಮುಂದಿದ್ದದ್ದು ಒಂದು ಅರ್ಜಿ ಮಾತ್ರ. ಅದರಲ್ಲಿ ಬಹುಶಃ ಕಾಯಿಲೆಯ ಹೆಸರು, ಕೀಮೋದ ಹೆಸರು, ಇಂಜೆಕ್ಷನ್‌ನ ಹೆಸರು ಇಷ್ಟೇ ಇತ್ತು. ಅಷ್ಟನ್ನೇ ನೋಡಿದರೆ ತಿರಸ್ಕಾರ ಏಕೆ ಬಂತೆಂದು ನನಗೆ ಅರ್ಥವಾಗುತ್ತದೆ. ಕೀಮೋದಿಂದ ರಕ್ತಕಣ ಇಳಿದು ಜ್ವರ ಬರುವ ಸಂಭವ ಶೇ. 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ಇಂಜೆಕ್ಷನ್ ಅನ್ನು ಮೊದಲ ಸುತ್ತಿನಿಂದಲೇ ಕೊಡಬೇಕೆಂದು ಅಮೆರಿಕದ ಆಸ್ಕೊ, ಯುರೋಪಿನ ಇಒಆರ್‌ಟಿಸಿ ಮುಂತಾದ ಕ್ಯಾನ್ಸರ್ ಸಂಸ್ಥೆಗಳ ಮಾರ್ಗಸೂಚಿಗಳಿವೆ. ನಿಮ್ಮ ತಾಯಿಯವರಿಗೆ ಕೊಡುತ್ತಿರುವ ಜೋಡಿ ಆ ಗುಂಪಿಗೆ ಸೇರಿದ್ದಲ್ಲ. ಹೀಗಾಗಿ ಪಟ್ಟಿ ನೋಡಿದವರು ‘ಇಲ್ಲ’ ಎಂದು ಗುರುತು ಹಾಕಿದ್ದಾರೆ.

ಅದೇ ಮಾರ್ಗಸೂಚಿಗಳು ಇನ್ನೂ ಒಂದು ಮಾತು ಹೇಳುತ್ತವೆ, ನಿಮಗೆ ಬೇಕಾದದ್ದು ಅದು. ಹಿಂದಿನ ಸುತ್ತಿನಲ್ಲಿ ಒಮ್ಮೆ ಹೀಗೆ ಜ್ವರ ಬಂದಿದ್ದು, ಡೋಸ್ ಇಳಿಸಿದರೆ ಅಥವಾ ತಡಮಾಡಿದರೆ ಚಿಕಿತ್ಸೆಯ ಫಲಕ್ಕೇ ಕುಂದು ಬರುವಂತಿದ್ದರೆ, ಮುಂದಿನ ಸುತ್ತುಗಳಿಗೆ ಇಂಜೆಕ್ಷನ್ ಕೊಡಬಹುದು. 65 ವರ್ಷ ದಾಟಿರುವುದೂ ಅಪಾಯ ಹೆಚ್ಚಿಸುವ ಅಂಶವೆಂದೇ ಲೆಕ್ಕ. ನಿಮ್ಮ ತಾಯಿಯವರ ವಿಷಯದಲ್ಲಿ ಇವೆಲ್ಲವೂ ಇವೆ. ಆದರೆ ವಿಮಾ ಕಂಪನಿಯ ಕಡತದಲ್ಲಿ ಇವು ಯಾವುವೂ ಇದ್ದಂತಿಲ್ಲ.

ಆದ್ದರಿಂದ ಮೇಲ್ಮನವಿಯ ಜೊತೆಗೆ ಕ್ಯಾನ್ಸರ್ ತಜ್ಞರಿಂದ ಒಂದು ಹೊಸ ಪತ್ರ ಬೇಕು. ‘ರೋಗಿಗೆ ಇದು ಅತ್ಯಗತ್ಯ, ದಯವಿಟ್ಟು ಮಂಜೂರು ಮಾಡಿ’ ಎಂಬ ಪತ್ರದಿಂದ ಕೆಲಸವಾಗುವುದಿಲ್ಲ. ನಾನು ಬರೆಯುವುದಾದರೆ ಹೆಚ್ಚುಕಡಿಮೆ ಹೀಗೆ ಬರೆಯುತ್ತೇನೆ: ‘67 ವರ್ಷದ ಈ ರೋಗಿಗೆ ಗುಣಪಡಿಸುವ ಉದ್ದೇಶದಿಂದ ಶಸ್ತ್ರಚಿಕಿತ್ಸೆಯ ನಂತರದ ಕೀಮೋ ನಡೆಯುತ್ತಿದೆ. ಐದನೆಯ ಸುತ್ತಿನ ಹನ್ನೊಂದನೆಯ ದಿನ 38.6 ಡಿಗ್ರಿ ಜ್ವರದೊಂದಿಗೆ ದಾಖಲಾದರು. ಅಂದು ನ್ಯೂಟ್ರೋಫಿಲ್ ಎಣಿಕೆ 340 ಇತ್ತು. ಐದು ದಿನ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಕೊಡಲಾಯಿತು. ಆರನೆಯ ಸುತ್ತು ಇಷ್ಟು ದಿನ ತಡವಾಗಿದೆ. ಡೋಸ್ ಇಳಿಸುವುದು ಈ ಹಂತದಲ್ಲಿ ಸೂಕ್ತವಲ್ಲ, ಕಾರಣ ಹೀಗಿದೆ.’ ನ್ಯೂಟ್ರೋಫಿಲ್ ಎಂದರೆ ಸೋಂಕಿನೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ತಾಯಿಯವರ ನಿಜವಾದ ಅಂಕಿಗಳು ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ, ರಕ್ತಪರೀಕ್ಷೆಯ ವರದಿಯಲ್ಲಿ ಸಿಗುತ್ತವೆ. ಅವುಗಳ ಪ್ರತಿ ಮತ್ತು ಮಾರ್ಗಸೂಚಿಯ ಸಂಬಂಧಿಸಿದ ಪುಟ ಪತ್ರಕ್ಕೆ ಲಗತ್ತಾಗಿರಬೇಕು. ವೈದ್ಯರಿಗೆ ಬಿಡುವಿಲ್ಲವೆಂದರೆ ಈ ದಿನಾಂಕಗಳನ್ನು ಒಂದು ಹಾಳೆಯಲ್ಲಿ ನೀವೇ ಬರೆದುಕೊಂಡು ಹೋಗಿ. ಇದರಿಂದ ವೈದ್ಯರಿಗೆ ಬೇಸರವಾಗುವುದಿಲ್ಲ, ನಿಜಕ್ಕೂ ಉಪಕಾರವಾಗುತ್ತದೆ. ಜ್ವರ ಬಂದ ದಿನದ ರಕ್ತಪರೀಕ್ಷೆಯ ಬದಲು ಬಿಡುಗಡೆಯ ದಿನದ್ದನ್ನು ಲಗತ್ತಿಸಿ ನಾನೇ ಒಮ್ಮೆ ಪತ್ರ ಕಳುಹಿಸಿದ್ದೆ. ಅಷ್ಟರಲ್ಲಿ ಎಣಿಕೆ ಸರಿಹೋಗಿತ್ತು, ಅರ್ಜಿ ಬಿದ್ದುಹೋಯಿತು. ಆ ರೋಗಿ ಒಂದು ವಾರ ಸುಮ್ಮನೆ ಕಾಯಬೇಕಾಯಿತು.

ಇನ್ನೊಂದು ಸೂಕ್ಷ್ಮ ಇದೆ, ಬಹಳ ಕುಟುಂಬಗಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಈ ಇಂಜೆಕ್ಷನ್‌ನಲ್ಲಿ ಎರಡು ಬಗೆ. ಫಿಲ್‌ಗ್ರಾಸ್ಟಿಮ್ ಅನ್ನು ದಿನಕ್ಕೊಂದರಂತೆ ಕೆಲವು ದಿನ ಕೊಡುತ್ತಾರೆ, ಪೆಗ್‌ಫಿಲ್‌ಗ್ರಾಸ್ಟಿಮ್ ಅನ್ನು ಸುತ್ತಿಗೆ ಒಂದೇ ಸಲ. ಎರಡನೆಯದನ್ನು ಕೀಮೋ ಮುಗಿದು 24 ಗಂಟೆ ಕಳೆಯುವವರೆಗೆ ಕೊಡಬಾರದು, ಮುಂದಿನ ಕೀಮೋಗೆ ಹಿಂದಿನ 14 ದಿನಗಳಲ್ಲೂ ಕೊಡಬಾರದು ಎಂದು ಔಷಧದ ಜೊತೆಗಿನ ಸೂಚನೆಯಲ್ಲಿದೆ. ನಿಮ್ಮ ತಾಯಿಯವರ ಸುತ್ತು ಇರುವುದೇ 14 ದಿನದ್ದು. ಅನುಭವದ ಆಧಾರದ ಮೇಲೆ ಅನೇಕ ತಜ್ಞರು ಎರಡು ವಾರದ ಸುತ್ತಿನಲ್ಲೂ ಇದನ್ನು ಬಳಸುತ್ತಾರೆ, ನಿಜ. ಆದರೆ ಸೂಚನೆಯ ಅಕ್ಷರ ಹಿಡಿದು ನೋಡುವವರಿಗೆ ತಿರಸ್ಕರಿಸಲು ಇಷ್ಟೇ ಸಾಕು. ವೈದ್ಯರು ಬರೆದದ್ದು ಯಾವುದೆಂದು ಕೇಳಿ. ಎರಡನೆಯದಾಗಿದ್ದರೆ ಮೊದಲನೆಯದಕ್ಕೆ ಬದಲಿಸಿ ಬರೆದುಕೊಡಬಹುದೇ ಎಂದು ವಿಚಾರಿಸಿ. ಬ್ರ್ಯಾಂಡ್‌ನ ಹೆಸರು ಹಿಡಿದು ಬರೆದಿದ್ದರೆ, ಅದೇ ಔಷಧದ ಬಯೋಸಿಮಿಲರ್ ರೂಪಕ್ಕೆ, ಅಂದರೆ ಬೇರೆ ಕಂಪನಿ ತಯಾರಿಸಿದ ಅದಕ್ಕೆ ಸಮನಾದ ಔಷಧಕ್ಕೆ, ಒಪ್ಪಿಗೆ ಸಿಗುತ್ತದೆಯೇ ಎಂದು ವಿಮಾ ಕಂಪನಿಯನ್ನು ಕೇಳಿ. ಎಷ್ಟೋ ಸಲ ಜಗಳ ಅಲ್ಲಿಗೇ ಮುಗಿಯುತ್ತದೆ.

ಕಂಪನಿಯೊಂದಿಗೆ ಮಾತನಾಡುವಾಗ ‘ಏಕೆ ಕೊಡುವುದಿಲ್ಲ?’ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ‘ಪಾಲಿಸಿಯ ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದೀರಿ? ಯಾವ ದಾಖಲೆ ಕಡಿಮೆ ಬಿದ್ದಿದೆ? ಮೇಲ್ಮನವಿಗೆ ಕೊನೆಯ ದಿನ ಯಾವುದು?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಕೊಡಿ ಎನ್ನಿ. ಕಾಯಿಲೆಯ ಸಂಕೇತಸಂಖ್ಯೆ ತಪ್ಪಾಗಿತ್ತು, ವರದಿಯ ಒಂದು ಪುಟ ಬಿಟ್ಟುಹೋಗಿತ್ತು ಎಂಬಂಥ ಕಾರಣಕ್ಕೇ ಅರ್ಜಿ ಬಿದ್ದಿರುವುದು ಈ ಹಂತದಲ್ಲಿ ಎಷ್ಟೋ ಸಲ ಗೊತ್ತಾಗುತ್ತದೆ. ಚಿಕಿತ್ಸೆ ನಡುವೆ ನಿಂತಿರುವುದರಿಂದ ಇದನ್ನು ತುರ್ತು ಮೇಲ್ಮನವಿಯಾಗಿ ಪರಿಗಣಿಸಿ ಎಂದೂ ಕೇಳಿ. ಜೊತೆಗೆ ಅವರ ವೈದ್ಯಕೀಯ ಅಧಿಕಾರಿಯೊಡನೆ ನಿಮ್ಮ ವೈದ್ಯರು ನೇರವಾಗಿ ಫೋನಿನಲ್ಲಿ ಮಾತನಾಡಲು ಸಮಯ ಕೇಳಿ. ಪತ್ರದಲ್ಲಿ ವಾರ ಹಿಡಿಯುವುದು ಇಬ್ಬರು ವೈದ್ಯರ ನಡುವೆ ಹತ್ತು ನಿಮಿಷದಲ್ಲಿ ತೀರ್ಮಾನವಾದದ್ದನ್ನು ನಾನು ನೋಡಿದ್ದೇನೆ. ಕಂಪನಿಯೊಳಗಿನ ಮೇಲ್ಮನವಿಯೂ ಬಿದ್ದರೆ ಹೊರಗಿನ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿ) ಅಥವಾ ಸ್ವತಂತ್ರ ಪರಿಶೀಲನೆಯ ದಾರಿ ಇದೆಯೇ ನೋಡಿ. ಅದರ ನಿಯಮ, ಗಡುವು ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ.

ಒಪ್ಪಿಗೆ ಸಿಕ್ಕಿದ ಮೇಲೂ ಅದರ ಮೇಲೆ ಒಂದು ಕಣ್ಣಿರಲಿ. ಒಪ್ಪಿಗೆಯೆಂಬುದು ಸಾಮಾನ್ಯವಾಗಿ ಇಂಥ ಔಷಧ, ಇಷ್ಟು ಡೋಸ್, ಇಷ್ಟು ಸಲ, ಇಂಥ ದಿನದವರೆಗೆ ಎಂದು ಇರುತ್ತದೆ. ಅಡ್ಡಪರಿಣಾಮದ ಕಾರಣಕ್ಕೆ ವೈದ್ಯರು ಡೋಸ್ ಬದಲಿಸಿದರೆ, ಔಷಧ ಬದಲಿಸಿದರೆ, ಸುತ್ತು ಮುಂದಕ್ಕೆ ಹೋಗಿ ಗಡುವು ದಾಟಿದರೆ ಹಳೆಯ ಒಪ್ಪಿಗೆ ಹೊಂದದೇ ಹೋಗಬಹುದು. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಸೂಜಿ ಚುಚ್ಚುವ ಹೊತ್ತಿಗೆ ಅದು ತಿಳಿದರೆ ಎಲ್ಲರಿಗೂ ಸಂಕಟ. ಬದಲಾವಣೆ ಬರೆದ ದಿನವೇ ಆಸ್ಪತ್ರೆಯ ವಿಮಾ ವಿಭಾಗಕ್ಕೆ ಹೋಗಿ ‘ಇದಕ್ಕೆ ಹೊಸ ಒಪ್ಪಿಗೆ ಬೇಕೇ?’ ಎಂದು ಕೇಳಿಬಿಡಿ.

ಇಷ್ಟಾಗಿಯೂ ಇಂಜೆಕ್ಷನ್ ಸಿಗದಿದ್ದರೆ ಚಿಕಿತ್ಸೆಯ ಬಾಗಿಲು ಮುಚ್ಚಿತೆಂದು ತಿಳಿಯಬೇಡಿ. ಈ ಕೀಮೋದಲ್ಲಿ ಫ್ಲೂರೋಯುರಾಸಿಲ್ ಎರಡು ರೀತಿಯಲ್ಲಿ ಹೋಗುತ್ತದೆ: ಕೆಲವೇ ನಿಮಿಷಗಳಲ್ಲಿ ಒಮ್ಮೆಲೇ ಕೊಡುವುದು ಒಂದು, ಪಂಪ್‌ನ ಮೂಲಕ ಸುಮಾರು 46 ಗಂಟೆ ನಿಧಾನವಾಗಿ ಹೋಗುವುದು ಇನ್ನೊಂದು. ರಕ್ತಕಣಕ್ಕೆ ಹೆಚ್ಚು ಪೆಟ್ಟು ಕೊಡುವುದು ಮೊದಲನೆಯದು, ಅಗತ್ಯಬಿದ್ದಾಗ ಅದನ್ನು ಕೈಬಿಡುವುದು ರೂಢಿಯಲ್ಲಿದೆ. ಡೋಸ್ ಸ್ವಲ್ಪ ಇಳಿಸುವ ದಾರಿಯೂ ಇದೆ. ಯಾವುದು ನಿಮ್ಮ ತಾಯಿಯವರಿಗೆ ಸರಿ ಎಂಬುದನ್ನು ಅವರ ಶಸ್ತ್ರಚಿಕಿತ್ಸೆಯ ವರದಿ ಕೈಯಲ್ಲಿರುವ ವೈದ್ಯರೇ ಹೇಳಬೇಕು. ‘ಇಂಜೆಕ್ಷನ್ ಇಲ್ಲದಿದ್ದರೆ ನಿಮ್ಮ ಮುಂದಿನ ಯೋಜನೆ ಏನು?’ ಎಂದು ಈಗಲೇ ಕೇಳಿ, ಆಗ ಮೇಲ್ಮನವಿಯ ತೀರ್ಪು ಬರುವವರೆಗೆ ದಿನಗಳು ಸುಮ್ಮನೆ ಸರಿಯುವುದಿಲ್ಲ.

ಈಗ ಅಮ್ಮನ ಬೆರಳುಗಳು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಆಕ್ಸಾಲಿಪ್ಲಾಟಿನ್ ನರಗಳಿಗೆ ಎರಡು ಬಗೆಯ ತೊಂದರೆ ಕೊಡುತ್ತದೆ. ಒಂದು, ಔಷಧ ಹೋದ ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ತಣ್ಣಗಿನದು ಮುಟ್ಟಿದರೆ ಬೆರಳು ಚುಳ್ಳೆನ್ನುವುದು, ತಣ್ಣೀರು ಕುಡಿದರೆ ಗಂಟಲು ಬಿಗಿದಂತಾಗುವುದು. ಗಾಬರಿ ಹುಟ್ಟಿಸಿದರೂ ಇದು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಬೆಚ್ಚಗಿನ ನೀರು ಕೊಡಿ, ಫ್ರಿಜ್ ತೆರೆಯುವಾಗ ಕೈಗವಸು ಹಾಕಿಸಿ. ಎರಡನೆಯದು ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಹೋಗುವ ಜೋಮು. ಒಂದು ಸುತ್ತಿನಿಂದ ಮುಂದಿನದಕ್ಕೆ ಪೂರ್ತಿ ಬಿಡದೆ ಉಳಿಯಿತೆಂದರೆ ಎಚ್ಚರವಾಗಬೇಕು. ‘ಸದಾ’ ಎಂದು ನೀವು ಬರೆದಿದ್ದೀರಿ, ಆ ಒಂದು ಪದ ನಿಮ್ಮ ವೈದ್ಯರ ಕಿವಿಗೆ ಬೀಳಲೇಬೇಕು. ಔಷಧ ನಿಲ್ಲಿಸಿದ ಮೇಲೂ ಈ ಜೋಮು ಕೆಲವು ತಿಂಗಳು ಹೆಚ್ಚುತ್ತಾ ಹೋಗಬಹುದು, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಇದನ್ನು ಖಚಿತವಾಗಿ ತಡೆಯುವ ಮಾತ್ರೆ ಇಲ್ಲ. ನಮ್ಮ ಕೈಯಲ್ಲಿರುವುದು ಸಕಾಲದಲ್ಲಿ ಡೋಸ್ ಇಳಿಸುವುದು ಅಥವಾ ಆ ಒಂದು ಔಷಧವನ್ನು ನಿಲ್ಲಿಸುವುದು. ತಡವಾಗಿ ತಿಳಿದರೆ ಅದೂ ಕೈತಪ್ಪುತ್ತದೆ.

ಎರಡು ತಿಂಗಳ ಕಾಲ ಪ್ರತಿ ಭೇಟಿಯಲ್ಲೂ ‘ಏನೂ ತೊಂದರೆಯಿಲ್ಲ’ ಎನ್ನುತ್ತಿದ್ದವರೊಬ್ಬರು ನನಗೆ ನೆನಪಿದ್ದಾರೆ. ಒಂದು ದಿನ ರಕ್ತದೊತ್ತಡ ನೋಡಲು ತೋಳು ಮಡಿಸಿ ಎಂದೆ. ಅವರು ಮುಂಗೈಯ ಗುಂಡಿಯನ್ನು ಕಣ್ಣಿಟ್ಟು ನೋಡುತ್ತಾ ಹುಡುಕಿದರು, ಗುಂಡಿ ಬೆರಳಿಗೆ ಸಿಕ್ಕಿದ್ದೂ ಅವರಿಗೆ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಮಾತಿಲ್ಲದೆ ಕೈಚಾಚಿ ಬಿಚ್ಚಿಕೊಟ್ಟರು. ಆ ಕೈಗೆ ಆಗಿದ್ದ ರೂಢಿ ನೋಡಿ ನನಗೆ ತಿಳಿಯಿತು, ಇದು ಇವತ್ತು ಶುರುವಾದದ್ದಲ್ಲ. ಅವರೂ ನಿಮ್ಮ ತಾಯಿಯವರಂತೆಯೇ ಹೆದರಿದ್ದರು. ಆ ದಿನವೇ ಆಕ್ಸಾಲಿಪ್ಲಾಟಿನ್ ನಿಲ್ಲಿಸಿ ಫ್ಲೂರೋಯುರಾಸಿಲ್ ಮುಂದುವರಿಸಿದೆವು.

ಆ ಭಯಕ್ಕೆ ಉತ್ತರವಾಗಿ ನಿಮ್ಮ ತಾಯಿಯವರಿಗೆ ಒಂದು ಅಧ್ಯಯನದ ವಿಷಯ ಹೇಳಿ. ಇಂಥದೇ ಕಾಯಿಲೆಯ, ಮೂರನೆಯ ಹಂತದಲ್ಲಿದ್ದ 12,834 ರೋಗಿಗಳನ್ನು ಒಳಗೊಂಡ ಆರು ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ‘ಐಡಿಯಾ’ ಎಂಬ ಹೆಸರಿನ ವಿಶ್ಲೇಷಣೆ ಪ್ರಕಟವಾಯಿತು. ಈ ಔಷಧಗಳನ್ನು ಮೂರು ತಿಂಗಳು ಕೊಟ್ಟರೆ ಸಾಕೇ, ಆರು ತಿಂಗಳು ಬೇಕೇ ಎಂಬುದು ಪ್ರಶ್ನೆ. ಉತ್ತರ ಎಲ್ಲರಿಗೂ ಒಂದೇ ಆಗಿ ಬರಲಿಲ್ಲ: ಕಾಯಿಲೆ ಎಷ್ಟು ಹರಡಿತ್ತು, ಯಾವ ಔಷಧದ ಜೋಡಿ ಎಂಬುದರ ಮೇಲೆ ಅದು ಬದಲಾಯಿತು. ಆದರೂ ಒಂದು ದೊಡ್ಡ ಗುಂಪಿಗೆ ಎರಡರ ನಡುವಿನ ವ್ಯತ್ಯಾಸ ಬಹಳ ಸಣ್ಣದಿತ್ತು. ನರಗಳ ತೊಂದರೆಯ ವ್ಯತ್ಯಾಸ ಮಾತ್ರ ಸಣ್ಣದಾಗಿರಲಿಲ್ಲ. ನಿಮ್ಮ ತಾಯಿಯವರಿಗೆ ಕೊಡುತ್ತಿರುವ ಜೋಡಿಯಲ್ಲಿ ಮಧ್ಯಮ ಅಥವಾ ಅದಕ್ಕೂ ಹೆಚ್ಚಿನ ತೊಂದರೆ ಮೂರು ತಿಂಗಳು ಪಡೆದವರಲ್ಲಿ ಸುಮಾರು ಶೇ. 17, ಆರು ತಿಂಗಳು ಪಡೆದವರಲ್ಲಿ ಸುಮಾರು ಶೇ. 48. ಆದ್ದರಿಂದ ಆಕ್ಸಾಲಿಪ್ಲಾಟಿನ್ ಅನ್ನು ಬೇಗ ನಿಲ್ಲಿಸಿದ ಮಾತ್ರಕ್ಕೆ ಚಿಕಿತ್ಸೆ ಸೋತಿತು ಎಂದಲ್ಲ. ‘ಹೇಳಿದರೆ ಚಿಕಿತ್ಸೆ ನಿಲ್ಲಿಸುತ್ತಾರೆ ಎಂದುಕೊಳ್ಳಬೇಡಿ ಅಮ್ಮ. ಹೇಳಿದರೆ ನಿಮ್ಮ ಕೈ ಉಳಿಸಿಕೊಂಡು ಚಿಕಿತ್ಸೆ ಮುಗಿಸುತ್ತಾರೆ’ ಎನ್ನಿ. ನೀವು ಹೇಳಿದರೂ ಒಪ್ಪದಿದ್ದರೆ ಅವರೆದುರಿಗೇ ವೈದ್ಯರನ್ನು ಕೇಳಿ. ಮಕ್ಕಳು ಹೇಳಿದ್ದಕ್ಕೂ ವೈದ್ಯರು ಹೇಳಿದ್ದಕ್ಕೂ ಈ ವಯಸ್ಸಿನವರಲ್ಲಿ ತೂಕ ಬೇರೆ.

ಇವತ್ತು ಸಂಜೆಯೇ ಒಂದು ನೋಟ್‌ಬುಕ್ ಶುರುಮಾಡಿ. ಪ್ರತಿದಿನ ಮೂರು ನಾಲ್ಕು ಸಾಲು ಸಾಕು, ಆದರೆ ಅಳತೆಯಿರಲಿ. ‘ತುಂಬಾ ಭೇದಿ’ ಎಂದು ಬರೆದರೆ ನನಗೆ ಏನೂ ತಿಳಿಯುವುದಿಲ್ಲ. ‘ದಿನಾ ಹೋಗುವುದಕ್ಕಿಂತ ಐದು ಸಲ ಹೆಚ್ಚು’ ಎಂದರೆ ಅದು ಎರಡನೆಯ ದರ್ಜೆ, ಏಳು ಅಥವಾ ಹೆಚ್ಚು ಎಂದರೆ ಮೂರನೆಯ ದರ್ಜೆ, ಆಗ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಫೋನ್ ಮಾಡಬೇಕು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ರೂಪಿಸಿದ, 1ರಿಂದ 5ರವರೆಗಿನ ಈ ದರ್ಜೆಗಳನ್ನು ಕ್ಯಾನ್ಸರ್ ವೈದ್ಯರೆಲ್ಲ ಬಳಸುತ್ತಾರೆ. ಜೋಮಿಗೂ ಹಾಗೆಯೇ: ಜೋಮು ಇದೆ ಆದರೆ ಕೆಲಸಕ್ಕೆ ಅಡ್ಡಿಯಿಲ್ಲ, ಅಡುಗೆ ಫೋನು ಲೆಕ್ಕಪತ್ರಕ್ಕೆ ಅಡ್ಡಿಯಾಗಿದೆ, ಬಟ್ಟೆ ತೊಡಲು ಊಟ ಮಾಡಲು ಅಡ್ಡಿಯಾಗಿದೆ. ಈ ಮೂರರಲ್ಲಿ ಅಮ್ಮ ಎಲ್ಲಿದ್ದಾರೆಂದು ಬರೆಯಿರಿ. ಜ್ವರದ ಅಂಕಿ, ತೂಕ, ಎಷ್ಟು ಸಲ ವಾಂತಿ, ಯಾವ ಮಾತ್ರೆ ಯಾವಾಗ ಕೊಟ್ಟಿರಿ ಎಂಬುದೂ ಇರಲಿ. ಅದೇ ಪುಸ್ತಕವನ್ನು ಹಿಂದಿನಿಂದ ತಿರುಗಿಸಿ ವಿಮೆಯ ಕರೆಗಳನ್ನು ಬರೆಯಿರಿ: ದಿನಾಂಕ, ಹೊತ್ತು, ಮಾತನಾಡಿದವರ ಹೆಸರು, ಉಲ್ಲೇಖ ಸಂಖ್ಯೆ, ಅವರು ಹೇಳಿದ್ದು.

ಒಂದೇ ಪುಸ್ತಕ ಏಕೆಂದರೆ, ಇವು ಎರಡು ಬೇರೆ ಕಷ್ಟಗಳೆಂದು ನೀವು ಒಬ್ಬರೇ ಹೊತ್ತು ನಡೆಯುತ್ತಿದ್ದೀರಿ. ವೈದ್ಯರಿಗೆ ಹೇಳದ ಜೋಮು ಅವರ ಟಿಪ್ಪಣಿಗೆ ಬರುವುದಿಲ್ಲ. ಟಿಪ್ಪಣಿಯಲ್ಲಿ ಇಲ್ಲದ್ದು ಪತ್ರಕ್ಕೆ ಬರುವುದಿಲ್ಲ. ನಾಳೆ ಔಷಧ ಬದಲಿಸಲು ಒಪ್ಪಿಗೆ ಕೇಳಿದಾಗ ವಿಮಾ ಕಂಪನಿಯವರು ಕಡತ ತಿರುವುತ್ತಾರೆ, ಅಲ್ಲಿ ಐದೂ ಭೇಟಿಯಲ್ಲಿ ‘ರೋಗಿ ಚೆನ್ನಾಗಿದ್ದಾರೆ’ ಎಂದೇ ಇರುತ್ತದೆ.

ಹೇಳಿಕೊಳ್ಳುವುದರಿಂದ ಆಗುವ ಲಾಭಕ್ಕೆ ಪುರಾವೆಯೂ ಇದೆ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ, ಕಾಯಿಲೆ ಬೇರೆ ಅಂಗಗಳಿಗೂ ಹರಡಿದ್ದ 766 ಜನರ ಮೇಲೆ ನಡೆದ ಅಧ್ಯಯನದಲ್ಲಿ ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ಕಂಪ್ಯೂಟರ್ ಮೂಲಕ ನಿಯಮಿತವಾಗಿ ದಾಖಲಿಸುತ್ತಿದ್ದರು. ತೊಂದರೆ ಹೆಚ್ಚಾದರೆ ನರ್ಸ್‌ಗೆ ಸೂಚನೆ ಹೋಗುತ್ತಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಗುಂಪಿನ ಬದುಕಿನ ಮಧ್ಯಾಂಕ, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, 31.2 ತಿಂಗಳು, ಮಾಮೂಲಿ ರೀತಿಯಲ್ಲಿ ನೋಡಿಕೊಂಡವರದ್ದು 26 ತಿಂಗಳು. ಹೊಸ ಔಷಧ ಯಾವುದೂ ಇರಲಿಲ್ಲ. ನನ್ನ ವೃತ್ತಿಜೀವನದಲ್ಲಿ ನನ್ನನ್ನು ಹೆಚ್ಚು ಬದಲಿಸಿದ ಫಲಿತಾಂಶಗಳಲ್ಲಿ ಇದೂ ಒಂದು.

ಉಳಿದ ಅಡ್ಡಪರಿಣಾಮಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದೆರಡು ಮಾತು. ವಾಕರಿಕೆಯ ಮಾತ್ರೆಯನ್ನು ವಾಂತಿ ಬಂದ ಮೇಲೆ ಕೊಡುವುದಕ್ಕಿಂತ ಬರೆದುಕೊಟ್ಟ ಹೊತ್ತಿಗೆ ಮುಂಚಿತವಾಗಿಯೇ ಕೊಡಿ. ಬಾಯಿಹುಣ್ಣು ತಡೆಯಲು ಮಂಜಿನ ಚೂರು ಚೀಪುವ ಸಲಹೆ ನಿಮ್ಮ ಕಿವಿಗೆ ಬಿದ್ದಿರಬಹುದು. ಫ್ಲೂರೋಯುರಾಸಿಲ್ ಒಂದನ್ನೇ ಒಮ್ಮೆಲೇ ಪಡೆಯುವವರಿಗೆ ಅದು ಒಳ್ಳೆಯ ಉಪಾಯ, ಆಕ್ಸಾಲಿಪ್ಲಾಟಿನ್ ಜೊತೆಗಿರುವ ನಿಮ್ಮ ತಾಯಿಯವರಿಗೆ ಮಾತ್ರ ಬೇಡ. ಸುಸ್ತಿಗೆ ದಿನವಿಡೀ ಮಲಗುವುದಕ್ಕಿಂತ, ರಕ್ತಕಣ ಸರಿಯಿದ್ದು ವೈದ್ಯರು ಒಪ್ಪಿದರೆ, ದಿನಾ ಸ್ವಲ್ಪ ನಡೆಯುವುದು ಹೆಚ್ಚು ಗುಣ ಕೊಡುತ್ತದೆ. ರಕ್ತಕಣದ ಇಂಜೆಕ್ಷನ್ ಸಿಕ್ಕ ಮೇಲೆ ಸೊಂಟ, ಬೆನ್ನಿನ ಮೂಳೆ ನೋಯಬಹುದು. ಮಜ್ಜೆ ಕೆಲಸ ಮಾಡುತ್ತಿರುವುದರ ನೋವು ಅದು. ಯಾವ ನೋವಿನ ಮಾತ್ರೆ ಕೊಡಬಹುದೆಂದು ಮೊದಲೇ ಕೇಳಿಟ್ಟುಕೊಳ್ಳಿ, ಏಕೆಂದರೆ ನೋವಿಗೆ ಕೊಡುವ ಅದೇ ಮಾತ್ರೆ ಜ್ವರವನ್ನೂ ಮರೆಮಾಡಬಲ್ಲದು.

ವಿಮೆಯ ಕರೆಗಳನ್ನು ಮಾಡಲು ನಿಮ್ಮ ಮನೆಯವರಲ್ಲಿ, ಗೆಳತಿಯರಲ್ಲಿ ಯಾರನ್ನಾದರೂ ಒಪ್ಪಿಸಿ. ಅಮ್ಮನ ಒಪ್ಪಿಗೆ ಪತ್ರವಿದ್ದರೆ ಬೇರೆಯವರೂ ಮಾತನಾಡಬಹುದು. ಆ ಕೆಲಸಕ್ಕೆ ಮಗಳೇ ಬೇಕೆಂದಿಲ್ಲ, ಅಮ್ಮನ ಪಕ್ಕದಲ್ಲಿ ಕೂರಲು ನೀವೇ ಬೇಕು.

ಮುಂದಿನ ಭೇಟಿಗೆ ನಿಮ್ಮ ತಾಯಿಯವರು ಸಣ್ಣ ಗುಂಡಿಗಳಿರುವ ಸ್ವೆಟರ್ ತೊಟ್ಟು ಬರಲಿ. ‘ಹೇಗಿದ್ದೀರಿ?’ ಎಂದು ವೈದ್ಯರು ಕೇಳಿದಾಗ ಅವರು ಅಭ್ಯಾಸದಂತೆ ‘ಚೆನ್ನಾಗಿದ್ದೇನೆ’ ಎಂದೇ ಹೇಳಬಹುದು. ಆಗ ನೀವು, ‘ಅಮ್ಮ, ಒಂದು ಗುಂಡಿ ಬಿಚ್ಚಿ ಹಾಕಿ ತೋರಿಸಿ’ ಎನ್ನಿ. ಅವರಿಗೆ ಎಷ್ಟೇ ಹೊತ್ತು ಹಿಡಿದರೂ ನೀವು ಕೈ ಚಾಚಬೇಡಿ.